ಅರಣ್ಯಪಥದ ಓಟಕ್ಕೆ ಅರ್ಧಶಕ್ತಿಯ ಮಿತಿ

ಬೆಂಗಳೂರಿನ ತುರಹಳ್ಳಿ ಅರಣ್ಯದ ಕಾಲುದಾರಿಗಳು ಓಟಗಾರರಿಗೆ ಪರಿಚಿತವಾದವು. ಅಲ್ಲಿಯ ಮಣ್ಣು ಡಾಂಬರಿಗಿಂತ ಮೃದು; ಆದರೆ ಬೇರು, ಬಂಡೆ, ಏರಿಳಿತಗಳು ಕೀಲುಗಳಿಗೆ ಶ್ರಮ ನೀಡುತ್ತವೆ. ಬಲವುಳ್ಳವರೂ ಚಳಿಗಾಲ ಹಾಗೂ ವಸಂತದಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಎಂಬುದು ಆಯುರ್ವೇದದ ವಿಧಿ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವಂತಾದರೆ ಅದೇ ಅರ್ಧಶಕ್ತಿಯ ಲಕ್ಷಣ. ಕಾಡಿನ ಸುತ್ತುದಾರಿಯಲ್ಲಿ ಮರಳುವ ಹಾದಿಯೂ ಉಳಿದಿರುತ್ತದೆ; ಆದ್ದರಿಂದ ಈ ಲಕ್ಷಣ ಕಂಡೊಡನೆ ನಡಿಗೆಗೆ ಇಳಿಯಬೇಕು. ಎದೆನೋವು, ತಲೆಸುತ್ತು ಉಂಟಾದರೆ ಅಲ್ಲಿಯೇ ನಿಂತು ನೆರವು ಪಡೆದು, ತಡಮಾಡದೆ ಆಸ್ಪತ್ರೆಗೆ ತೆರಳಬೇಕು. ಹೃದ್ರೋಗ, ಮಧುಮೇಹವುಳ್ಳ ಸದ್ಭಕ್ತರು ವೈದ್ಯರನ್ನು ಕೇಳಿಯೇ ಓಟ ಆರಂಭಿಸಬೇಕೆಂದು ನಾವು ಬಿನ್ನವಿಸುತ್ತೇವೆ. ದಿನದ ಕಾಯಕಕ್ಕೆ ಶಕ್ತಿ ಉಳಿಸುವ ಓಟವೇ ಹಿತಕರವಾದ ಓಟ.