ಗ್ರಾಮಫೋನ್ ತಟ್ಟೆಗಳ ಗೃಹಾಧಾರಿತ ಡಿಜಿಟಲೀಕರಣ: ವೇಗ ಮತ್ತು ಶ್ರುತಿಯ ಪ್ರಶ್ನೆ

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡಂದಿನಿಂದ ನಮ್ಮ ಸಂಗೀತಚರಿತ್ರೆಗೆ ಶ್ರವ್ಯ ಆಕರವೊಂದು ಒದಗಿತು. (ಈ ಗಾಯಕಿ ಮೈಸೂರಿನ ಆಸ್ಥಾನಾಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ನಿಧನರಾದರೆಂಬುದು ಪ್ರಾಸಂಗಿಕವಾಗಿ ಸ್ಮರಣೀಯ.) ಇಂತಹ ಅರಗಿನ ತಟ್ಟೆಗಳೂ 1948ರ ಅನಂತರ ಪ್ರಚಾರಕ್ಕೆ ಬಂದ ವಿನೈಲ್ ತಟ್ಟೆಗಳೂ ಅನೇಕ ಖಾಸಗಿ ಮನೆಗಳಲ್ಲಿ ಉಳಿದುಬಂದಿವೆ. ಅವುಗಳ ಪರಿವರ್ತನೆಯನ್ನು ಸಂಗ್ರಾಹಕರೇ ಕೈಗೊಳ್ಳುವುದು ಈಗ ಸಾಧ್ಯವಾಗಿದೆ. ಆದರೆ ಹಾಗೆ ಸಿದ್ಧವಾದ ಕಡತವನ್ನು ಸಂಶೋಧಕನು ಎಷ್ಟರಮಟ್ಟಿಗೆ ನಂಬಬಹುದು?

ಶುಚಿಗೊಳಿಸುವಾಗಲೇ ಎಚ್ಚರ ಅಗತ್ಯ. ವಿನೈಲ್ ತಟ್ಟೆ ಸಹಿಸಿಕೊಳ್ಳುವ ಆಲ್ಕೋಹಾಲ್ ಮಿಶ್ರಣವು ಅರಗನ್ನು ಕರಗಿಸಿಬಿಡುತ್ತದೆ. ಮುಳ್ಳಿನ ಆಯ್ಕೆಯೂ ಅಷ್ಟೇ ಮುಖ್ಯ. ವಿನೈಲ್ ತಟ್ಟೆಗೆ ಸುಮಾರು 18ರಿಂದ 25 ಮೈಕ್ರಾನ್ ತುದಿಯ ಮುಳ್ಳು ಸಾಕು. 78ರ ತಟ್ಟೆಗೆ ಸುಮಾರು 75 ಮೈಕ್ರಾನಿನದು ಬೇಕು. ಕಿರಿದಾದ ಮುಳ್ಳು ಅಗಲವಾದ ಗೀರಿನ ತಳಕ್ಕಿಳಿದು, ನಾದಕ್ಕಿಂತ ಕೊಳೆಯನ್ನೇ ಹೆಚ್ಚಾಗಿ ಓದುತ್ತದೆ.

ಹೆಚ್ಚು ಜಟಿಲವಾದುದು ವೇಗದ ಪ್ರಶ್ನೆ. 78 ಎಂಬುದು ರೂಢಿಯ ಹೆಸರೇ ಹೊರತು, ಆರಂಭಕಾಲದ ಎಲ್ಲ ತಟ್ಟೆಗಳ ನಿಜವಾದ ವೇಗವಲ್ಲ. ನಿಮಿಷಕ್ಕೆ 74 ಸುತ್ತುಗಳಲ್ಲಿ ಮುದ್ರಿತವಾದ ತಟ್ಟೆಯನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಶೇಕಡ 5ಕ್ಕೂ ಮಿಕ್ಕಿ ಏರುತ್ತದೆ. ಒಂದು ಮನೆಯಲ್ಲಿ ಹಾಡಿದವರು ಹೆಚ್ಚುಕಡಿಮೆ ಒಂದೂವರೆ ಮನೆಯಲ್ಲಿ ಹಾಡಿದಂತೆ ಕೇಳಿಸುತ್ತದೆ. ಕಾಲಪ್ರಮಾಣವೂ ಅದೇ ಪ್ರಮಾಣದಲ್ಲಿ ಚುರುಕಾಗುತ್ತದೆ. ಹಿಂದಿನ ವಿದ್ವಾಂಸರು ಎತ್ತರದ ಶ್ರುತಿಯಲ್ಲಿ, ತ್ವರಿತಗತಿಯಲ್ಲಿ ಹಾಡುತ್ತಿದ್ದರೆಂಬ ನಿರ್ಣಯವನ್ನು ಕೇವಲ ಇಂತಹ ಕಡತದ ಆಧಾರದಿಂದ ಮಾಡುವುದು ಸಾಧುವಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ಇದ್ದಲ್ಲಿ ಒಂದು ಸುಳಿವು ದೊರೆಯುತ್ತದೆ: ಅದರ ಷಡ್ಜವು ಎರಡು ಮನೆಗಳ ನಡುವೆ ನಿಂತರೆ ವೇಗವನ್ನು ಶಂಕಿಸಬೇಕು. ವಾದ್ಯಗಳ ಮೂಲಶ್ರುತಿಯೂ ಏಕರೂಪವಾಗಿರಲಿಲ್ಲವಾದ್ದರಿಂದ ಇದು ಸುಳಿವು ಮಾತ್ರ, ಪ್ರಮಾಣವಲ್ಲ.

ಮಂದ್ರ-ತಾರಗಳ ಸಮೀಕರಣದಲ್ಲಿಯೂ ಇದೇ ತೊಡಕು. ಇಂದಿನ ಧ್ವನಿವರ್ಧಕಗಳು ಅನುಸರಿಸುವ ಆರ್‌ಐಎಎ ಮಾನಕವು 1954ರದು. ಅದನ್ನು ಕೊಂಬಿನ ಕಾಲದ ತಟ್ಟೆಗೆ ಅನ್ವಯಿಸಿದರೆ ತಾರಧ್ವನಿ ಮಂಕಾಗುತ್ತದೆ. ಸಮೀಕರಣವಿಲ್ಲದೆ ಗ್ರಹಿಸಿ, ತಿದ್ದುಪಡಿಯನ್ನು ಪ್ರತಿಯ ಮೇಲೆ ಮಾಡುವುದು ಲೇಸು. ಕರಕರ ಸದ್ದನ್ನು ಅಳಿಸುವ ತಂತ್ರಾಂಶವನ್ನೂ ಮೂಲಕಡತದ ಮೇಲೆ ಪ್ರಯೋಗಿಸಕೂಡದು. ಸದ್ದಿನೊಡನೆ ಮೃದಂಗದ ಚಾಪಿನ ಅಂಚೂ ಅಳಿದುಹೋಗುವುದುಂಟು.

ಅಂತರರಾಷ್ಟ್ರೀಯ ಶ್ರವ್ಯಸಂಗ್ರಹಾಲಯಗಳು ಸಾಮಾನ್ಯವಾಗಿ ಅನುಸರಿಸುವ 96 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣದಲ್ಲಿ ಎರಡು ವಾಹಿನಿಗಳಿಗೆ ನಿಮಿಷಕ್ಕೆ ಸುಮಾರು 35 ಮೆಗಾಬೈಟ್ ಸ್ಥಳ ಬೇಕು. ಏಕವಾಹಿನಿಯ ತಟ್ಟೆಗೂ ಎರಡನ್ನು ಉಳಿಸಿಕೊಳ್ಳುವುದಕ್ಕೆ ಕಾರಣವಿದೆ: ಗೀರಿನ ಎರಡು ಗೋಡೆಗಳು ಸಮನಾಗಿ ಸವೆದಿರುವುದಿಲ್ಲ.

ಬಳಸಿದ ಮುಳ್ಳು, ಆರಿಸಿಕೊಂಡ ವೇಗ, ಆ ಆಯ್ಕೆಯ ಕಾರಣ, ಲೇಬಲ್ಲಿನ ಬರಹ ಇವೆಲ್ಲ ಕಡತದೊಡನೆಯೇ ಇರಬೇಕು. ಗೀರು ಮುಗಿದು ಲೇಬಲ್ಲು ಆರಂಭವಾಗುವ ನಡುವಣ ಬಯಲಿನಲ್ಲಿರುವ ಅಚ್ಚುಸಂಖ್ಯೆಯನ್ನು ಹಲವರು ಬರೆದುಕೊಳ್ಳುವುದಿಲ್ಲ. ಲೇಬಲ್ಲು ಹರಿದುಹೋದ ತಟ್ಟೆಯ ಕಾಲವನ್ನು ಗೊತ್ತುಪಡಿಸಲು ಎಷ್ಟೋ ವೇಳೆ ಉಳಿದಿರುವುದು ಅದೊಂದೇ.