ಸವಾರನ ಮೈಗೆ ಒಪ್ಪುವ ಸೈಕಲ್ಲು

ವ್ಯಾಯಾಮವು ಜಠರಾಗ್ನಿಯನ್ನು ದೀಪ್ತಗೊಳಿಸಿ, ಮೇದಸ್ಸನ್ನು ಕರಗಿಸಿ, ಶರೀರಕ್ಕೆ ಲಾಘವವನ್ನು ನೀಡುವುದೆಂಬುದು ಆಯುರ್ವೇದದ ಮತ. ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಬಹುಮಟ್ಟಿಗೆ ಸೀಟು ಹೊರುವುದರಿಂದ ಮಂಡಿಗಳಿಗೆ ಓಟಕ್ಕಿಂತ ಶ್ರಮ ಕಡಿಮೆ. ಆದರೂ ಮಂಡಿನೋವಿನಿಂದ ಸೈಕಲ್ಲನ್ನೇ ತೊರೆದವರನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತೇವೆ. ಇಂಥವರು ಔಷಧಕ್ಕೆ ಮೊದಲು ತಮ್ಮ ಸೈಕಲ್ಲಿನ ಅಳತೆಯನ್ನು ಪರೀಕ್ಷಿಸುವುದು ಲೇಸು.

ಮೊದಲನೆಯದು ಸೈಕಲ್ಲಿನ ಗಾತ್ರ. ಅಡ್ಡಕಂಬಿಯ ಮೇಲೆ ಎರಡೂ ಕಾಲು ಇಳಿಬಿಟ್ಟು ನಿಂತಾಗ, ಕಂಬಿಗೂ ತೊಡೆಸಂದಿಗೂ ನಡುವೆ 1ರಿಂದ 2 ಅಂಗುಲ ಅಂತರವಿರಬೇಕು.

ಎರಡನೆಯದು ಸೀಟಿನ ಎತ್ತರ. ಗೋಡೆಗೆ ಆನಿಸಿಕೊಂಡು ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನಿಡಿ. ಆಗ ಕಾಲು ನೇರವಾಗಬೇಕು. ಅನಂತರ ಸವಾರಿಯಲ್ಲಿರುವಂತೆ ಮುಂಗಾಲನ್ನು ಇಟ್ಟರೆ ಮಂಡಿಯು ತುಸುವೇ ಬಾಗಿರುತ್ತದೆ. ಇದುವೇ ಯೋಗ್ಯ ಎತ್ತರ. ಸೀಟು ತಗ್ಗಾದರೆ ಮಂಡಿಯ ಮುಂಭಾಗದಲ್ಲಿಯೂ, ಹೆಚ್ಚು ಎತ್ತರವಾದರೆ ಮಂಡಿಯ ಹಿಂಭಾಗದಲ್ಲಿಯೂ ನೋವು ತೋರುವುದು ಸಾಮಾನ್ಯ. ತುಳಿಯುವಾಗ ಸೊಂಟವು ಅತ್ತಿತ್ತ ಓಲಾಡಿದರೆ ಸೀಟು ಎತ್ತರವಾಗಿದೆಯೆಂದೇ ತಿಳಿಯಬೇಕು. ಬದಲಾವಣೆಯನ್ನು ಸ್ವಲ್ಪಸ್ವಲ್ಪವಾಗಿ ಮಾಡಿ, ಕೆಲವು ದಿನ ಸವಾರಿ ಮಾಡಿ ನೋಡಿರಿ. ಸೀಟಿನ ಕಂಬದ ಮೇಲಿರುವ ಗುರುತು ಹೊರಗೆ ಕಾಣುವಷ್ಟು ಎಂದಿಗೂ ಎಳೆಯಬಾರದು.

ಸೀಟು ಸಮತಲವಾಗಿರಲಿ. ಅದರ ಮೂತಿ ಕೆಳಕ್ಕೆ ಬಾಗಿದರೆ ಮೈಭಾರವೆಲ್ಲ ಅಂಗೈಗಳ ಮೇಲೆ ಬಿದ್ದು ಬೆರಳುಗಳು ಜೋಮು ಹಿಡಿಯುತ್ತವೆ. ಕಟಿಶೂಲವುಳ್ಳವರಿಗೂ ವಯಸ್ಸಾದವರಿಗೂ ಹ್ಯಾಂಡಲ್ ಸೀಟಿಗಿಂತ ತುಸು ಮೇಲಿರುವುದು ಹಿತ. ಮೊಣಕೈಗಳು ಸಡಿಲವಾಗಿ ಬಾಗಿರಬೇಕು.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. “ಬೆಳೆಯುವ ಮಗು, ಮುಂದಕ್ಕಾದೀತು” ಎಂದು ದೊಡ್ಡ ಸೈಕಲ್ಲು ಕೊಡಿಸಿದರೆ, ಕಾಲು ನೆಲಕ್ಕೆ ಎಟುಕದೆ ಮಗು ಬೀಳುವ ಅಪಾಯವಿದೆ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಸೈಕಲ್ ನೀಡಿದ್ದುಂಟು. ಒಂದೇ ತರಗತಿಯಲ್ಲಿದ್ದರೂ ಮಕ್ಕಳ ಎತ್ತರ ಒಂದೇ ಅಲ್ಲ. ಮನೆಗೆ ಬಂದ ಸೈಕಲ್ಲಿನ ಸೀಟನ್ನು ಮಗುವಿನ ಕಾಲಿಗೆ ಹೊಂದಿಸಿ, ಮಗು ಬೆಳೆದಂತೆ ಏರಿಸುತ್ತ ಹೋಗುವುದು ಹಿರಿಯರ ಹೊಣೆ.

ಸೈಕಲ್ಲು ಒಪ್ಪಿದ ಮೇಲೂ ವ್ಯಾಯಾಮವು ಅರ್ಧಶಕ್ತಿಯನ್ನು ಮೀರಬಾರದು. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದಾಗ ನಿಲ್ಲಿಸಿರಿ. ಸೀಟನ್ನು ಸರಿಪಡಿಸಿದ ಬಳಿಕವೂ ಮಂಡಿಯಲ್ಲಿ ಬಾವು ಅಥವಾ ನೋವು ಉಳಿದರೆ ವೈದ್ಯರಲ್ಲಿ ತೋರಿಸಿರಿ. ಹೃದ್ರೋಗವುಳ್ಳವರು ವೈದ್ಯರ ಸಲಹೆ ಪಡೆದೇ ಸವಾರಿಯನ್ನು ಆರಂಭಿಸತಕ್ಕದ್ದು.