ಚಿಟ್ಟೆ ಸಣ್ಣದಾಗುವುದೇಕೆ?

ಹಿತ್ತಿಲಲ್ಲಿ ಸಣ್ಣ ಚಿಟ್ಟೆ ಕಂಡರೆ ನಾವು ಮರಿಯೆಂದುಕೊಳ್ಳುವುದುಂಟು. ಆದರೆ ರೆಕ್ಕೆ ಬಂದ ಮೇಲೆ ಚಿಟ್ಟೆ ಬೆಳೆಯುವುದೇ ಇಲ್ಲ. ಹುಳುವಾಗಿದ್ದಾಗ ಸಿಕ್ಕಿದ ಮೇವು, ಹವೆ ಇವೇ ಅದರ ಗಾತ್ರಕ್ಕೆ ಮೂಲ. ಕರಿಬೇವಿನ ಗಿಡದಲ್ಲಿ ಎಲೆ ಮುಗಿದು, ಹಸಿದ ಹುಳು ಅವಧಿಗೆ ಮುನ್ನವೇ ಕೋಶವಾದರೆ ಹೊರಬರುವ ಚಿಟ್ಟೆಯೂ ಸಣ್ಣದೇ.

ಸೆಖೆಯ ಪರಿಣಾಮ ಇನ್ನೂ ವಿಚಿತ್ರ. ಗ್ರೀನ್‌ಲ್ಯಾಂಡಿನ ಝಾಕೆನ್‌ಬರ್ಗ್‌ನಲ್ಲಿ 1996ರಿಂದ 2013ರ ವರೆಗೆ ಹಿಡಿದ ಸುಮಾರು 4,500 ಚಿಟ್ಟೆಗಳ ರೆಕ್ಕೆಗಳನ್ನು ವಿಜ್ಞಾನಿಗಳು ಅಳೆದರು. ಬೇಸಗೆ ಬೆಚ್ಚಗಾದಂತೆಲ್ಲ ಎರಡು ಜಾತಿಗಳ ರೆಕ್ಕೆ ಗಿಡ್ಡವಾಗಿತ್ತು. ಸೆಖೆಗೆ ಹುಳುವಿನ ದೇಹದ ಖರ್ಚು ಏರಿ, ತಿಂದದ್ದು ಮೈಗೆ ಹತ್ತುವುದಿಲ್ಲವೆಂದು ಅವರ ತರ್ಕ. ಗಿಡ್ಡ ರೆಕ್ಕೆಗೆ ದೂರ ಹಾರುವುದು ಕಷ್ಟ. ಹಾರಿದರೂ, ಉತ್ತರದ ತುದಿಯಲ್ಲೇ ಇರುವ ಇವು ಇನ್ನೂ ತಂಪಿನ ನೆಲ ಹುಡುಕಿ ಹೋಗುವುದೆಲ್ಲಿಗೆ?